ಐನೂರು ಬ್ಯಾಕ್‌ಲಿಂಕ್ ಮತ್ತು ಅಪ್ಪನ ಮಳೆ ಪುಸ್ತಕ

ನಮ್ಮ ಹೋಂಸ್ಟೇ ಇರುವುದು ಮೂಡಿಗೆರೆ ತಾಲ್ಲೂಕಿನಲ್ಲಿ, ಬಣಕಲ್‌ನಿಂದ ಸ್ವಲ್ಪ ಒಳಗೆ. ಅಜ್ಜನ ಕಾಲದ ಮನೆ. ಮೂರು ರೂಮು, ಹಿಂದೆ ಕಾಫಿ ತೋಟ, ತೋಟದ ಕೆಳಗೆ ಹಳ್ಳ. 2018ರಲ್ಲಿ ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಬಂದವನು ಮೊದಲು ಮಾಡಿದ್ದು ಒಂದು ವೆಬ್‌ಸೈಟ್. ವರ್ಡ್‌ಪ್ರೆಸ್ ಹಾಕಿದೆ, ಫೋಟೋ ಹಾಕಿದೆ, ಅಮ್ಮನ ಅಕ್ಕಿ ರೊಟ್ಟಿ, ಕಳಲೆ ಪಲ್ಯದ ಬಗ್ಗೆ ನಾಲ್ಕು ಸಾಲು ಬರೆದೆ. ಇನ್ನು ಫೋನ್ ಬರೋದೊಂದೇ ಬಾಕಿ ಅಂತ ಕೂತೆ. ಫೋನ್ ಬಂತು. ಆದರೆ ರೂಮ್ ಕೇಳುವವರದ್ದಲ್ಲ. "ಸರ್, ನಿಮ್ಮ ಸೈಟ್ ನೋಡಿದ್ವಿ, ಗೂಗಲ್‌ನಲ್ಲಿ ಐದನೇ ಪೇಜಲ್ಲಿದೆ, ಮೂರು ತಿಂಗಳಲ್ಲಿ ಮೊದಲನೇ ಪೇಜಿಗೆ ತರ್ತೀವಿ, ಗ್ಯಾರಂಟಿ" ಅನ್ನುವವರದ್ದು.

ಐದನೇ ಪೇಜ್ ಅನ್ನೋದು ನನಗೆ ಆಶ್ಚರ್ಯ. ಯಾಕೆಂದರೆ ನನ್ನ ಮೊಬೈಲಿನಲ್ಲಿ ಹುಡುಕಿದರೆ ನಾವೇ ಮೊದಲು ಬರುತ್ತಿದ್ದೆವು. ಅಪ್ಪ ಅದನ್ನ ನೋಡಿ ಅರ್ಧ ಊರಿಗೆ ಹೇಳಿಯೂ ಆಗಿತ್ತು. ಆಮೇಲೆ ಗೊತ್ತಾಯಿತು, ನಾವು ಎಲ್ಲಿ ಕೂತು ಹುಡುಕುತ್ತೇವೆ ಅನ್ನೋದರ ಮೇಲೂ ಫಲಿತಾಂಶ ಬದಲಾಗುತ್ತೆ ಅಂತ. ಮನೆ ಅಂಗಳದಲ್ಲಿ ನಿಂತು ಹುಡುಕಿದರೆ ಮನೆಯೇ ಕಾಣೋದು ತಾನೇ! ಬೆಂಗಳೂರಿನ ವಿಜಯನಗರದಲ್ಲಿರುವ ಚಿಕ್ಕಪ್ಪನ ಮಗನಿಗೆ ಹೇಳಿ ಹುಡುಕಿಸಿದೆ. ಅವನು ಹತ್ತು ನಿಮಿಷ ಬಿಟ್ಟು ಫೋನ್ ಮಾಡಿದ. "ಅಣ್ಣಾ, ನಿಮ್ಮ ಸೈಟ್ ಇದೆಯಾ ನಿಜವಾಗ್ಲೂ?"

ಸರಿ, ಒಬ್ಬರಿಗೆ ಒಪ್ಪಿಕೊಂಡೆ. ಹನ್ನೆರಡು ಸಾವಿರ ರೂಪಾಯಿ, ಐನೂರು ಬ್ಯಾಕ್‌ಲಿಂಕ್. ಬ್ಯಾಕ್‌ಲಿಂಕ್ ಅಂದರೆ ಬೇರೆಯವರ ಸೈಟಿನಿಂದ ನಮ್ಮ ಸೈಟಿಗೆ ಬರುವ ಕೊಂಡಿ. ಅದು ಜಾಸ್ತಿ ಇದ್ದಷ್ಟೂ ಗೂಗಲ್ ನಮ್ಮನ್ನ ಮೇಲೆ ತೋರಿಸುತ್ತೆ ಅಂತ ಅವರು ಹೇಳಿದರು. ನಾನೂ ನಂಬಿದೆ. ಅರ್ಧ ಸತ್ಯವಾದ್ದರಿಂದ ನಂಬೋದು ಸುಲಭ.

ಲಿಂಕಿಗೆ ಯಾಕೆ ಇಷ್ಟು ಬೆಲೆ ಅಂತ ಓದಿ ತಿಳಿದದ್ದು ಆಮೇಲೆ. 1998ರಲ್ಲಿ ಸ್ಟ್ಯಾನ್‌ಫೋರ್ಡ್‌ನಲ್ಲಿ ಓದುತ್ತಿದ್ದ ಲ್ಯಾರಿ ಪೇಜ್ ಮತ್ತು ಸೆರ್ಗೇ ಬ್ರಿನ್ ಗೂಗಲ್ ಶುರು ಮಾಡಿದಾಗ ಅವರ ಹತ್ತಿರ ಇದ್ದ ದೊಡ್ಡ ಐಡಿಯಾನೇ ಇದು, ಪೇಜ್‌ರ್ಯಾಂಕ್ ಅಂತ. ಒಂದು ಪುಟ ಇನ್ನೊಂದು ಪುಟಕ್ಕೆ ಲಿಂಕ್ ಕೊಟ್ಟರೆ ಅದು ಒಂದು ಮಾತು ಹೇಳಿದ ಹಾಗೆ. ಆದರೆ ಎಲ್ಲರ ಮಾತಿಗೂ ಒಂದೇ ತೂಕ ಇಲ್ಲ. ನಮ್ಮ ಕಡೆ ಹೆಣ್ಣು ಕೊಡೋ ಮುಂಚೆ ಹುಡುಗನ ಮನೆ ಬಗ್ಗೆ ವಿಚಾರಿಸುತ್ತಾರಲ್ಲ, ಹಾಗೆ. ಬಸ್ ಸ್ಟ್ಯಾಂಡಿನಲ್ಲಿ ಹತ್ತು ಜನ "ಒಳ್ಳೇ ಮನೆ" ಅಂದರೆ ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳೋದಿಲ್ಲ. ಊರೇ ನಂಬುವ ಒಬ್ಬ ಮನುಷ್ಯ "ಹೂಂ, ಕೊಡಬಹುದು" ಅಂದರೆ ಮದುವೆ ಮಾತು ಮುಂದಕ್ಕೆ ಹೋಗುತ್ತೆ. ಆ ಮನುಷ್ಯನನ್ನ ಊರು ಯಾಕೆ ನಂಬುತ್ತೆ? ಅವನ ಬಗ್ಗೆ ಬೇರೆ ನಂಬಿಕಸ್ಥರು ಒಳ್ಳೇ ಮಾತು ಹೇಳಿರುತ್ತಾರೆ, ಅದಕ್ಕೆ. ಪೇಜ್‌ರ್ಯಾಂಕ್ ಲೆಕ್ಕ ಹಾಕೋದೂ ಹಾಗೇ, ಸುತ್ತಿ ಸುತ್ತಿ.

ನಾನು ಹನ್ನೆರಡು ಸಾವಿರ ಕೊಟ್ಟು ಬಾಡಿಗೆಗೆ ತಂದದ್ದು ಬಸ್ ಸ್ಟ್ಯಾಂಡಿನ ಜನರನ್ನ.

ಎರಡನೇ ತಿಂಗಳು ಅವರು ಒಂದು ಎಕ್ಸೆಲ್ ಶೀಟ್ ಕಳಿಸಿದರು. ಐನೂರು ಸಾಲು. ಪ್ರತಿ ಸಾಲಿನಲ್ಲೂ ಒಂದು ಸೈಟಿನ ವಿಳಾಸ, ಪಕ್ಕದಲ್ಲಿ ಡಿಎ ಅಂತ ಒಂದು ನಂಬರು, 35, 42, 51. ಈ ಡಿಎ ಅಂದರೆ ಡೊಮೈನ್ ಅಥಾರಿಟಿ. ಅದು ಮೋಜ್ ಅನ್ನೋ ಕಂಪನಿ ತನ್ನ ಲೆಕ್ಕಕ್ಕೆ ಮಾಡಿಕೊಂಡ ಅಂಕಿ, ಗೂಗಲ್ ಅದನ್ನ ಬಳಸೋದೇ ಇಲ್ಲ. ನನಗೆ ಆಗ ಅದೂ ಗೊತ್ತಿರಲಿಲ್ಲ, 51 ನೋಡಿ ಖುಷಿಪಟ್ಟೆ. ಒಂದು ರಾತ್ರಿ ಕರೆಂಟ್ ಇತ್ತು, ನೆಟ್‌ವರ್ಕೂ ಇತ್ತು, ಎರಡೂ ಒಟ್ಟಿಗೆ ಇರುವುದು ಅಪರೂಪ, ಕೂತು ಒಂದೊಂದೇ ಲಿಂಕ್ ತೆಗೆದು ನೋಡಿದೆ. ಒಂದು ನಾಯಿ ಹಲ್ಲಿನ ಬಗ್ಗೆ ಇರೋ ಸೈಟು. ಒಂದರಲ್ಲಿ ಬರೀ ರಷ್ಯನ್ ಅಕ್ಷರ. ನಾಲ್ಕೈದು ಇಸ್ಪೀಟ್ ಜೂಜಿನವು. ಒಂದರಲ್ಲಿ ಮಾತ್ರ ಉದ್ದದ ಲೇಖನ ಇತ್ತು, ನಮ್ಮ ಜಿಲ್ಲೆ ಬಗ್ಗೆಯೇ. ಅದರಲ್ಲಿ "ಚಿಕ್ಕಮಗಳೂರಿನ ಸುಂದರ ಬೀಚುಗಳಲ್ಲಿ ಸೂರ್ಯಾಸ್ತ ನೋಡಿ" ಅಂತ ಬರೆದಿದ್ದರು.

ಬೀಚು! ಚಾರ್ಮಾಡಿ ಇಳಿದು ಮಂಗಳೂರಿಗೆ ಹೋದರೆ ಸಿಗಬಹುದು.

ಅಪ್ಪ ಪಕ್ಕದಲ್ಲಿ ಕೂತು ಅಡಿಕೆ ಅಗಿಯುತ್ತಾ ನೋಡುತ್ತಿದ್ದರು. "ಇವರೆಲ್ಲಾ ನಮ್ಮನೆಗೆ ಯಾವಾಗ ಬಂದಿದ್ರೋ?" ಅಂತ ಕೇಳಿದರು. ತಮಾಷೆಗಲ್ಲ, ನಿಜವಾಗಿಯೇ ಕೇಳಿದ್ದು. ಲಿಂಕ್ ಅಂದರೆ ಬಂದು ಹೋದವರು ಹೇಳುವ ಮಾತು ಅಂತ ಅವರು ತಿಳಿದುಕೊಂಡಿದ್ದರು.

ಇನ್ನೊಂದು ವಿಷಯ ಅವತ್ತೇ ಕಣ್ಣಿಗೆ ಬಿತ್ತು. ಐನೂರು ಲಿಂಕಿನಲ್ಲೂ ಒತ್ತುವ ಪದ ಒಂದೇ, "ಬೆಸ್ಟ್ ಹೋಂಸ್ಟೇ ಇನ್ ಚಿಕ್‌ಮಗಳೂರ್". ಒಂದಕ್ಷರ ಆಚೆ ಈಚೆ ಇಲ್ಲ. ಐನೂರು ಜನ ಒಂದೇ ಮಾತನ್ನ ಒಂದೇ ಥರ ಹೇಳಿದರೆ ಯಾರಿಗೆ ಅನುಮಾನ ಬರೋದಿಲ್ಲ? (ಅಂದ ಹಾಗೆ, ಆ ಹಳೇ ಸ್ಪೆಲ್ಲಿಂಗ್ ಹಾಕಿದ್ದು ಮಾತ್ರ ಅವರು ಮಾಡಿದ ಒಂದೇ ಸರಿಯಾದ ಕೆಲಸ. 2014ರ ನವೆಂಬರ್ 1ಕ್ಕೆ ಸರ್ಕಾರ ಇಂಗ್ಲಿಷಿನಲ್ಲೂ ಚಿಕ್ಕಮಗಳೂರು ಅಂತಲೇ ಬರೆಯಬೇಕು ಅಂತ ಬದಲಾಯಿಸಿತು. ನಮ್ಮಲ್ಲಿಗೆ ಬರುವ ಗೆಸ್ಟ್‌ಗಳು ಇವತ್ತಿಗೂ ಹಳೇದನ್ನೇ ಟೈಪ್ ಮಾಡುತ್ತಾರೆ. ನಾನು ಸೈಟಿನಲ್ಲಿ ಎರಡನ್ನೂ ಇಟ್ಟಿದ್ದೇನೆ.)

ಏನಾಯಿತು ಅಂತ ಹೇಳುತ್ತೇನೆ. ಮೊದಲ ಐದು ವಾರ ಸೈಟ್ ಮೇಲೆ ಬಂತು. ಐದನೇ ಪೇಜಿನಿಂದ ಮೂರನೇ ಪೇಜು. ಏಜೆನ್ಸಿಯವರು ಸ್ಕ್ರೀನ್‌ಶಾಟ್ ಕಳಿಸಿ ಹೆಬ್ಬೆಟ್ಟು ತೋರಿಸಿದರು. ಆಮೇಲೆ ಇಳಿಯಿತು. ಮೊದಲಿದ್ದ ಜಾಗಕ್ಕಿಂತ ಕೆಳಗೆ, ಆರನೇ ಪೇಜಿಗೆ. ನಾನು ಹೆದರಿದೆ. ಅವರಿಗೆ ಫೋನ್ ಮಾಡಿದರೆ, "ಸರ್, ನಿಮಗೆ ಕೆಟ್ಟ ಲಿಂಕ್ ಜಾಸ್ತಿ ಆಗಿದೆ, ತೆಗೆಸೋಕೆ ಒಂದು ಪ್ಯಾಕೇಜ್ ಇದೆ" ಅಂದರು. ಮುಳ್ಳು ಚುಚ್ಚಿದವನೇ ಮುಳ್ಳು ತೆಗೆಯೋಕೂ ದುಡ್ಡು ಕೇಳಿದ. ಅಲ್ಲಿಗೆ ಅವರ ಜೊತೆ ಮಾತು ಮುಗಿಸಿದೆ.

ಆಮೇಲೆ ಸ್ವಂತವಾಗಿ ಓದೋಕೆ ಶುರು ಮಾಡಿದೆ. 2012ರ ಏಪ್ರಿಲ್ 24ರಂದು ಗೂಗಲ್ ಪೆಂಗ್ವಿನ್ ಅನ್ನೋ ಅಪ್‌ಡೇಟ್ ತಂದಿತ್ತು. ದುಡ್ಡು ಕೊಟ್ಟು ಲಿಂಕ್ ಪೇರಿಸಿದ ಸೈಟುಗಳು ಆಗ ಧೊಪ್ ಅಂತ ಬಿದ್ದವು. ಬಿದ್ದವರು ಏಳೋಕೆ ದಾರಿ ಕೇಳಿದಾಗ, ಅದೇ ವರ್ಷ ಅಕ್ಟೋಬರ್‌ನಲ್ಲಿ ಡಿಸಾವೋ ಅನ್ನೋ ಸೌಲಭ್ಯ ಕೊಟ್ಟರು. "ಈ ಲಿಂಕ್‌ಗಳನ್ನ ನನ್ನ ಲೆಕ್ಕಕ್ಕೆ ಹಿಡಿಯಬೇಡಿ" ಅಂತ ನಾವೇ ಬರೆದುಕೊಡೋದು. 2016ರ ಸೆಪ್ಟೆಂಬರ್‌ನಲ್ಲಿ ಪೆಂಗ್ವಿನ್ ಗೂಗಲ್‌ನ ಮುಖ್ಯ ಲೆಕ್ಕದೊಳಗೇ ಸೇರಿಕೊಂಡಿತು. ಅಲ್ಲಿಂದ ಈಚೆಗೆ ಅದರ ರೀತಿಯೂ ಬದಲಾಯಿತು. ಕಳಪೆ ಲಿಂಕ್ ಕಂಡರೆ ಇಡೀ ಸೈಟನ್ನ ಹೊಡೆದು ಕೆಳಗೆ ಹಾಕೋ ಬದಲು, ಆ ಲಿಂಕನ್ನ ಸುಮ್ನೆ ಲೆಕ್ಕಕ್ಕೇ ತೆಗೆದುಕೊಳ್ಳೋದಿಲ್ಲ.

ಸರ್ಚ್ ಕನ್ಸೋಲ್ ತೆಗೆದು ನೋಡಿದೆ. ನಮ್ಮ ಸೈಟ್ ಹುಡುಕಾಟದಲ್ಲಿ ಹೇಗಿದೆ ಅಂತ ಸೈಟಿನವರಿಗೆ ಗೂಗಲ್ಲೇ ತೋರಿಸುವ ಜಾಗ ಅದು. ಗೂಗಲ್‌ನ ಯಾರಾದರೂ ಮನುಷ್ಯರೇ ನಮ್ಮ ಸೈಟ್ ನೋಡಿ ದಂಡ ಹಾಕಿದ್ದರೆ ಅದು ಅಲ್ಲಿ ಮ್ಯಾನುಯಲ್ ಆಕ್ಷನ್ ಅಂತ ಬರುತ್ತೆ. ನನಗೆ ಹಸಿರು ಟಿಕ್ ಇತ್ತು, ಯಾವ ಸಮಸ್ಯೆಯೂ ಇಲ್ಲ ಅಂತ. ಅಂದರೆ ದಂಡ ಬಿದ್ದಿರಲಿಲ್ಲ. ಹನ್ನೆರಡು ಸಾವಿರದ ಲಿಂಕುಗಳನ್ನ ಗೂಗಲ್ ನೋಡಿಯೂ ನೋಡದ ಹಾಗೆ ಹೋಗಿತ್ತು, ಅಷ್ಟೇ. ಬೈಸಿಕೊಂಡಿದ್ದರೆ ಇಷ್ಟು ಬೇಜಾರಾಗುತ್ತಿರಲಿಲ್ಲ. ಆದರೂ ಎರಡು ರಾತ್ರಿ ಕೂತು ಡಿಸಾವೋ ಫೈಲ್ ಮಾಡಿ ಹಾಕಿದೆ. ಏನೂ ಬದಲಾಗಲಿಲ್ಲ. ಬಹಳಷ್ಟು ಸೈಟುಗಳಿಗೆ ಇದರ ಅಗತ್ಯವೇ ಇಲ್ಲ ಅಂತ ಗೂಗಲ್‌ನ ಸಹಾಯ ಪುಟದಲ್ಲೇ ಬರೆದಿದೆ. ಓದಿದ್ದು ಮಾತ್ರ ಫೈಲ್ ಹಾಕಿದ ಮೇಲೆ.

ಹಾಗಾದರೆ ಮೊದಲ ಐದು ವಾರ ಮೇಲೆ ಬಂದದ್ದು ಹೇಗೆ? ಇಲ್ಲಿ ನನ್ನದೇ ದಡ್ಡತನ ಇದೆ. ಅದೇ ತಿಂಗಳು ನಾನು ಪುಟಗಳ ಶೀರ್ಷಿಕೆ ಎಲ್ಲಾ ಹೊಸದಾಗಿ ಬರೆದಿದ್ದೆ, ಆರಾರು ಎಂಬಿ ಇದ್ದ ಫೋಟೋಗಳನ್ನ ಚಿಕ್ಕದು ಮಾಡಿದ್ದೆ. ಯಾವುದರಿಂದ ಮೇಲೆ ಬಂತು ಅಂತ ಯಾರು ಹೇಳಬೇಕು? ತೋಟದಲ್ಲಿ ಈ ತಪ್ಪು ಮಾಡಿದರೆ ಅಪ್ಪ ಬೈಯುತ್ತಾರೆ. ರೋಗಕ್ಕೆ ಬೋರ್ಡೋ ದ್ರಾವಣ ಹೊಡೆದ ವಾರವೇ ಗೊಬ್ಬರವನ್ನೂ ಹಾಕಿ, ಗಿಡ ಹಸಿರಾಯಿತು ಅಂತ ಕುಣಿದರೆ ಯಾವುದಕ್ಕೆ ದುಡ್ಡು ಹಾಕಬೇಕು ಅಂತ ಮುಂದಿನ ವರ್ಷ ಗೊತ್ತಾಗೋದಿಲ್ಲ. ಅವರು ಸುಣ್ಣ ಹಾಕಿದರೂ ಒಂದು ಬ್ಲಾಕಿಗೆ ಹಾಕಿ, ಪಕ್ಕದ್ದನ್ನ ಹಾಗೇ ಬಿಟ್ಟು ನೋಡುವ ಮನುಷ್ಯ.

ಅಲ್ಲಿಂದ ನಾನೂ ಒಂದು ನೋಟ್‌ಬುಕ್ ಇಟ್ಟೆ. ಒಂದು ಸಲಕ್ಕೆ ಒಂದೇ ಕೆಲಸ. ಮಾಡಿದ ತಾರೀಖು ಬರೆಯೋದು, ಎರಡು ತಿಂಗಳು ಸುಮ್ನಿರೋದು, ಸರ್ಚ್ ಕನ್ಸೋಲಿನ ಸರಾಸರಿ ಸ್ಥಾನ ಬರೆಯೋದು. ಕ್ಲಿಕ್ ಸಂಖ್ಯೆ ನೋಡೋದು ಬಿಟ್ಟೆ. ಯಾಕೆಂದರೆ ಮೂರು ದಿನ ರಜಾ ಒಟ್ಟಿಗೆ ಬಂದರೆ, ಇಲ್ಲಾ ಜೂನ್‌ನಲ್ಲಿ ಮೊದಲ ಮಳೆ ಬಿದ್ದರೆ, ಅರ್ಧ ಬೆಂಗಳೂರು ಮುಳ್ಳಯ್ಯನಗಿರಿ ಹುಡುಕುತ್ತೆ. ಕ್ಲಿಕ್ ಆಗ ತಾನಾಗಿ ಏರುತ್ತೆ. ಅದು ನನ್ನ ಲಿಂಕಿನ ಕೈಗುಣ ಅಂದುಕೊಂಡರೆ ಮಳೆ ಬರಿಸಿದ್ದೂ ನಾನೇ ಅಂದ ಹಾಗೆ.

ಮೊದಲು ಮಾಡಿದ್ದು ಮುಯ್ಯಾಳು. ನಮ್ಮಲ್ಲಿ ನಾಟಿಗೆ, ಕೊಯ್ಲಿಗೆ ನೀನು ನಮ್ಮ ಗದ್ದೆಗೆ ಬಾ, ನಾನು ನಿಮ್ಮ ಗದ್ದೆಗೆ ಬರ್ತೀನಿ ಅನ್ನೋ ಲೆಕ್ಕ ಇತ್ತಲ್ಲ, ಅದನ್ನೇ ಲಿಂಕಿನಲ್ಲಿ ಮಾಡಿದೆವು. ಸುತ್ತಮುತ್ತ ಒಂಬತ್ತು ಹೋಂಸ್ಟೇಯವರು ಸೇರಿ ಎಲ್ಲರೂ ಎಲ್ಲರಿಗೂ ಲಿಂಕ್ ಹಾಕಿದೆವು. ಪುಟದ ಕೆಳಗೆ "ನಮ್ಮ ಗೆಳೆಯರು" ಅಂತ. ಎರಡು ತಿಂಗಳಾದರೂ ಯಾರದ್ದೂ ಒಂದಿಂಚು ಅಲುಗಲಿಲ್ಲ. ಅತಿಯಾಗಿ ಲಿಂಕ್ ಬದಲಾಯಿಸಿಕೊಳ್ಳೋದನ್ನ ಗೂಗಲ್ ತನ್ನ ನಿಯಮದಲ್ಲೇ ಬೇಡ ಅಂದಿದೆ. ಆದರೆ ನನ್ನ ಪ್ರಕಾರ ಇಲ್ಲಿ ಆದದ್ದು ಅಷ್ಟು ದೊಡ್ಡ ವಿಷಯ ಅಲ್ಲ. ಒಂಬತ್ತು ಜನರ ಹತ್ತಿರವೂ ಕೊಡೋಕೆ ಏನೂ ಇರಲಿಲ್ಲ. ಖಾಲಿ ಜೇಬಿನವರು ಒಬ್ಬರಿಗೊಬ್ಬರು ಸಾಲ ಕೊಟ್ಟ ಕಥೆ. ಒಂದು ಲಾಭ ಮಾತ್ರ ಆಯಿತು, ನಮ್ಮಲ್ಲಿ ರೂಮ್ ಫುಲ್ ಆದಾಗ ಪಕ್ಕದ ಗೌಡರ ಮನೆಗೆ ಕಳಿಸುವ ಅಭ್ಯಾಸ ಬಂತು, ಅವರೂ ಹಾಗೇ ಮಾಡುತ್ತಾರೆ. ಅದಕ್ಕೆ ಗೂಗಲ್ ಬೇಕಾಗಿಲ್ಲ.

ಕಾಮೆಂಟ್‌ಗಳಲ್ಲಿ ಲಿಂಕ್ ಹಾಕೋದನ್ನೂ ಒಂದು ವಾರ ಮಾಡಿದೆ, ನಾಚಿಕೆ ಬಿಟ್ಟು. ಪ್ರವಾಸದ ಬರಹ ಎಲ್ಲಿ ಕಂಡರೂ "ತುಂಬಾ ಚೆನ್ನಾಗಿದೆ" ಅಂತ ಬರೆದು ಕೆಳಗೆ ನಮ್ಮ ವಿಳಾಸ. ಇದು ಕೆಲಸ ಮಾಡದ ಹಾಗೆ ನೋಫಾಲೋ ಅನ್ನೋ ಗುರುತನ್ನ 2005ರಲ್ಲೇ ಗೂಗಲ್, ಯಾಹೂ, ಎಂಎಸ್‌ಎನ್ ಸೇರಿ ತಂದಿದ್ದವು. ಲಿಂಕಿನ ಒಳಗೆ ಆ ಪದ ಇದ್ದರೆ ಅದು ಶಿಫಾರಸು ಅಲ್ಲ ಅಂತ ಅರ್ಥ. ಅಂದರೆ ನಾನು ಹದಿಮೂರು ವರ್ಷ ಹಿಂದೆಯೇ ಬೀಗ ಹಾಕಿದ ಬಾಗಿಲನ್ನ ತಟ್ಟುತ್ತಿದ್ದೆ. 2019ರ ಸೆಪ್ಟೆಂಬರ್‌ನಲ್ಲಿ ಇದಕ್ಕೆ ಇನ್ನೆರಡು ಗುರುತು ಸೇರಿದವು, ದುಡ್ಡು ಕೊಟ್ಟ ಲಿಂಕಿಗೆ ಸ್ಪಾನ್ಸರ್ಡ್, ಓದುಗರು ಹಾಕಿದ್ದಕ್ಕೆ ಯುಜಿಸಿ. ಆವತ್ತಿನಿಂದ ಇವನ್ನೆಲ್ಲಾ ಬರೀ ಸೂಚನೆ ಅಂತ ನೋಡುತ್ತೇವೆ ಅಂತಲೂ ಗೂಗಲ್ ಹೇಳಿತು. ಅಷ್ಟಾದರೂ ಕಾಮೆಂಟ್ ಲಿಂಕಿನಿಂದ ಮೇಲೆ ಬಂದವರನ್ನ ನಾನು ನೋಡಿಲ್ಲ.

ಆಮೇಲೆ ಪ್ರವಾಸ ಬರೆಯುವ ಒಬ್ಬ ಹುಡುಗಿಗೆ ಎರಡು ದಿನ ಫ್ರೀಯಾಗಿ ಉಳಿಯೋಕೆ ಕರೆದೆ, ಬರೆದು ಲಿಂಕ್ ಕೊಡಬೇಕು ಅಂತ ಮಾತು. ಬಂದರು. ಅಮ್ಮನ ಜೊತೆ ಕೂತು ಕೆಸುವಿನ ಎಲೆ ಸುತ್ತೋದು ಕಲಿತರು, ಕಾಲಿಗೆ ಇಂಬಳ ಹತ್ತಿಸಿಕೊಂಡು ಕಿರುಚಿದರು, ಚೆನ್ನಾಗಿ ಬರೆದರು. ಆದರೆ ಫ್ರೀಯಾಗಿ ಉಳಿದದ್ದನ್ನ ಮುಚ್ಚಿಡೋದು ಸರಿಯಲ್ಲ ಅಂತ ಲೇಖನದ ಮೇಲೆ ಬರೆದು, ಲಿಂಕಿಗೂ ನೋಫಾಲೋ ಅಂತ ಗುರುತು ಹಾಕಿದರು. ನನಗೆ ಆಗ ಸ್ವಲ್ಪ ಸಿಟ್ಟು ಬಂತು. ನಿಯಮದ ಪ್ರಕಾರ ಅವರೇ ಸರಿ. ನೋಟ್‌ಬುಕ್ಕಿನಲ್ಲಿ ಸ್ಥಾನ ಬದಲಾಗಲಿಲ್ಲ. ಆದರೆ ಆ ಲೇಖನ ಓದಿ ಆ ಮಳೆಗಾಲದಲ್ಲಿ ಆರು ಕುಟುಂಬ ಬಂದವು, ಒಂದು ಕುಟುಂಬ ಈಗಲೂ ಪ್ರತಿ ವರ್ಷ ಬರುತ್ತೆ. ರ್ಯಾಂಕ್ ಬೇರೆ, ಗಿರಾಕಿ ಬೇರೆ ಅಂತ ಅವತ್ತು ಹೊಳೆಯಿತು.

ವಿಳಾಸ, ಫೋನ್ ನಂಬರ್ ಪಟ್ಟಿ ಮಾಡುವ ಆನ್‌ಲೈನ್ ಡೈರೆಕ್ಟರಿಗಳಲ್ಲಿ ಹೆಸರು ಸೇರಿಸೋ ಕೆಲಸ ಬೇಸರದ್ದು, ಚಿಕ್ಕದಾಗಿ ಹೇಳುತ್ತೇನೆ. ಒಂದೊಂದು ಕಡೆ ಒಂದೊಂದು ಫೋನ್ ನಂಬರ್ ಇತ್ತು, ಒಂದರಲ್ಲಿ ಅಪ್ಪನ ಹಳೇ ಲ್ಯಾಂಡ್‌ಲೈನ್. ಎಲ್ಲಾ ಒಂದೇ ಥರ ಮಾಡಿದೆ. ಗೂಗಲ್ ಮ್ಯಾಪಿನಲ್ಲಿ ನಮ್ಮ ಪಿನ್ ಹಳ್ಳದ ಆಚೆ ದಡದಲ್ಲಿತ್ತು, ಅದನ್ನೂ ಈಚೆ ತಂದೆ. ಮ್ಯಾಪಿನಲ್ಲಿ ಸ್ವಲ್ಪ ಮೇಲೆ ಬಂದೆವು. ಮಾಡಬೇಕಾದ ಕೆಲಸ, ಆದರೆ ಅದರಿಂದ ಪವಾಡ ಆಗೋದಿಲ್ಲ.

ಇಷ್ಟರಲ್ಲಿ 2019ರ ಆಗಸ್ಟ್ ಬಂತು. ನಮ್ಮ ತಾಲ್ಲೂಕಿನವರಿಗೆ ಆ ಮಳೆ ಬಗ್ಗೆ ಹೇಳಬೇಕಾಗಿಲ್ಲ. ಗುಡ್ಡ ಜರಿಯಿತು, ಮನೆ ಹೋದವು, ತೋಟ ಹೋದವು, ಚಾರ್ಮಾಡಿ ಘಾಟಿ ಬಂದ್ ಆಯಿತು. ನಮ್ಮ ಹಳ್ಳದ ಪಕ್ಕದ ಅರ್ಧ ಎಕರೆ ಮಣ್ಣಿನಡಿ ಹೋಯಿತು. ಬುಕಿಂಗ್ ಎಲ್ಲಾ ಕ್ಯಾನ್ಸಲ್. ಬಂದ ಫೋನುಗಳಲ್ಲಿ ಎಲ್ಲರದ್ದೂ ಒಂದೇ ಪ್ರಶ್ನೆ, "ಹಿಂದೆ ಯಾವಾಗಾದ್ರೂ ಇಷ್ಟು ಮಳೆ ಬಂದಿತ್ತಾ?"

ಅಪ್ಪ ಎದ್ದು ಹೋಗಿ ಅಟ್ಟದಿಂದ ಟ್ರಂಕ್ ಇಳಿಸಿದರು.

ತೋಟದವರ ಮನೆಗಳಲ್ಲಿ ಮಳೆ ಅಳೆಯೋ ಪದ್ಧತಿ ಇದೆ. ಅಂಗಳದಲ್ಲಿ ಆಲಿಕೆ ಇಟ್ಟ ಒಂದು ಡಬ್ಬ, ಗೆರೆ ಇರುವ ಒಂದು ಗಾಜಿನ ಜಾಡಿ. ಬೆಳಿಗ್ಗೆ ಎಂಟಕ್ಕೆ ಅಳೆದು ಬರೆಯೋದು. ನಾವು ಈಗಲೂ ಮಿಲಿಮೀಟರ್ ಅನ್ನೋದಿಲ್ಲ, ಇಂಚು, ಸೆಂಟ್. ನೂರು ಸೆಂಟಿಗೆ ಒಂದು ಇಂಚು. "ರಾತ್ರಿ ನಿಮ್ಮಲ್ಲಿ ಎಷ್ಟು?" "ಎರಡೂ ನಲವತ್ತು." ಹೀಗೆ ಫೋನಿನಲ್ಲಿ ಮಾತಾಡೋದು. ಅಜ್ಜ 1974ರಲ್ಲಿ ಶುರು ಮಾಡಿದ ಪುಸ್ತಕ, ಆಮೇಲೆ ಅಪ್ಪ ಮುಂದುವರಿಸಿದ್ದು. ಬರೀ ಅಂಕಿ ಅಲ್ಲ, ಪಕ್ಕದಲ್ಲಿ ಒಂದೊಂದು ಮಾತು. ಒಂದು ಮಾರ್ಚ್ ತಿಂಗಳಲ್ಲಿ, "1–10. ಹೂ ಮಳೆ. ದೇವರಿದ್ದಾನೆ." (ಹೂ ಮಳೆ ಅಂದರೆ ಕಾಫಿ ಹೂ ಬಿಡಿಸುವ ಮಳೆ.) ಒಂದು ಜುಲೈನಲ್ಲಿ, "4–35. ಹಳ್ಳ ದಾಟಲು ಆಗಲಿಲ್ಲ. ರೈಟರ್ ಬಂದಿಲ್ಲ." (ರೈಟರ್ ಅಂದರೆ ತೋಟದ ಲೆಕ್ಕ ಬರೆಯುವವರು.) ನಡುನಡುವೆ ಅಜ್ಜಿ ಬರೆಸಿದ ದಿನಸಿ ಲೆಕ್ಕವೂ ಇದೆ.

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆಯಿತು. ಗೆಸ್ಟ್ ಇಲ್ಲ, ಕೆಲಸ ಇಲ್ಲ. ಅಪ್ಪ ಓದೋದು, ನಾನು ಟೈಪ್ ಮಾಡೋದು. ಒಂದು ಸಂಜೆಗೆ ಎರಡು ವರ್ಷದ ಮಳೆ ಮುಗಿಯುತ್ತಿತ್ತು. ನಡುವೆ ಅಪ್ಪ ನಿಲ್ಲಿಸಿ, ಆ ವರ್ಷ ಯಾರ ಮದುವೆ ಆಯಿತು, ಯಾವ ಎತ್ತು ಸತ್ತಿತು ಅಂತ ಹೇಳುತ್ತಿದ್ದರು, ಅಲ್ಲಿಗೆ ಅವತ್ತಿನ ಕೆಲಸ ಮುಗಿದ ಹಾಗೆ. ಇಂಚನ್ನ ಮಿಲಿಮೀಟರಿಗೆ ತಿರುಗಿಸಿ, ಒಂದು ಇಂಚಿಗೆ 25.4, ಎರಡೂ ಕಾಲಂ ಇಟ್ಟು ನಮ್ಮ ಸೈಟಿನಲ್ಲಿ ಒಂದು ಪುಟ ಮಾಡಿದೆ. ಕೆಲವು ಹಾಳೆಗಳ ಫೋಟೋ ಹಾಕಿದೆ. ರ್ಯಾಂಕಿನ ಯೋಚನೆ ಆಗ ಇರಲಿಲ್ಲ. ಇದ್ದಿದ್ದರೆ ಬಹುಶಃ ಅದಕ್ಕೂ "ಬೆಸ್ಟ್ ಮಳೆ" ಅಂತ ಹೆಸರಿಡುತ್ತಿದ್ದೆ.

ನಾನು ಯಾರಿಗೂ ಲಿಂಕ್ ಕೊಡಿ ಅಂತ ಕೇಳಲಿಲ್ಲ ಅಂದರೆ ಸುಳ್ಳಾಗುತ್ತೆ. ಹಕ್ಕಿ ನೋಡುವವರ ಒಂದು ಗುಂಪಿಗೆ, ಭೂಗೋಳ ಪಾಠ ಮಾಡುವ ಒಬ್ಬ ಪರಿಚಯದ ಮೇಷ್ಟ್ರಿಗೆ, "ಸರ್, ಉಪಯೋಗ ಆಗಬಹುದು ನೋಡಿ" ಅಂತ ಕಳಿಸಿದೆ. ಅಷ್ಟೇ. ಮೇಷ್ಟ್ರ ಒಬ್ಬ ವಿದ್ಯಾರ್ಥಿ ಅದನ್ನ ಪ್ರಾಜೆಕ್ಟಿಗೆ ಬಳಸಿದ, ಅವನ ಕಾಲೇಜಿನ ಸೈಟಿನಲ್ಲಿ ಲಿಂಕ್ ಬಂತು. ಹಕ್ಕಿಯವರು ಹಾಕಿದರು. ಟ್ರೆಕ್ಕಿಂಗ್ ಕರೆದುಕೊಂಡು ಹೋಗುವವರೊಬ್ಬರು "ಯಾವ ತಿಂಗಳು ಬರಬೇಡಿ" ಅನ್ನೋ ಬರಹದಲ್ಲಿ ಹಾಕಿದರು, ನನ್ನ ವ್ಯಾಪಾರಕ್ಕೆ ಅದು ಅಷ್ಟು ಒಳ್ಳೆಯದಲ್ಲ, ಇರಲಿ. ಯಾರೋ ವಿಕಿಪೀಡಿಯದಲ್ಲಿ ಸೇರಿಸಿದರು. ವಿಕಿಪೀಡಿಯದ ಹೊರಗಿನ ಲಿಂಕ್‌ಗಳಿಗೆಲ್ಲಾ ನೋಫಾಲೋ ಇರುತ್ತೆ, ಆದರೂ ಅಲ್ಲಿಂದ ಓದುಗರು ಬಂದರು, ಆ ಓದುಗರಲ್ಲಿ ಇಬ್ಬರು ಮೂವರು ತಮ್ಮ ಕಡೆ ಲಿಂಕ್ ಕೊಟ್ಟರು. ಒಂದು ಸುದ್ದಿ ಸೈಟು ನಮ್ಮ ಮನೆ ಹೆಸರು ಹಾಕಿ ಬರೆದಿತ್ತು, ಲಿಂಕ್ ಇರಲಿಲ್ಲ. ವರದಿಗಾರರಿಗೆ ಫೋನ್ ಮಾಡಿ ಕೇಳಿದೆ, ಅರ್ಧ ಗಂಟೆಯಲ್ಲಿ ಸೇರಿಸಿದರು. ಈಗಾಗಲೇ ನಮ್ಮ ಹೆಸರು ಹೇಳಿದವರನ್ನ ಕೇಳೋದು ಎಲ್ಲಕ್ಕಿಂತ ಸುಲಭ. ನಮ್ಮ ಅರೇಬಿಕಾ ಕಾಫಿ ಕೊಂಡು ಹುರಿದು ಮಾರುವ ಬೆಂಗಳೂರಿನ ರೋಸ್ಟರ್ ಒಬ್ಬರು ಪ್ಯಾಕೆಟ್ ಮೇಲೆ ನಮ್ಮ ತೋಟದ ಹೆಸರು ಹಾಕುತ್ತಾರೆ, ಅವರ ಸೈಟಿನಲ್ಲಿ ಹೆಸರಿಗೆ ಲಿಂಕ್ ಹಾಕಿ ಅಂದೆ, "ಮೊದಲೇ ಹೇಳೋದಲ್ವಾ" ಅಂದರು.

ಒಂದೂವರೆ ವರ್ಷದಲ್ಲಿ ಎಲ್ಲಾ ಸೇರಿ ಹದಿನೇಳು ಸೈಟು. ಐನೂರರ ಮುಂದೆ ಹದಿನೇಳು. ಮಳೆ ಪುಟ ಮೂಡಿಗೆರೆ ಮಳೆ ಬಗ್ಗೆ ಹುಡುಕಿದವರಿಗೆ ಮೊದಲ ಪೇಜಿನಲ್ಲಿ ಬರತೊಡಗಿತು. ಆದರೆ ರೂಮಿನ ಪುಟ ಇದ್ದಲ್ಲೇ ಇತ್ತು. ನನಗೆ ತಲೆಬುಡ ಅರ್ಥವಾಗಲಿಲ್ಲ.

ಕಾರಣ ತಿಳಿದಾಗ ಹಣೆ ಚಚ್ಚಿಕೊಂಡೆ. ಮಳೆ ಪುಟದಿಂದ ರೂಮಿನ ಪುಟಕ್ಕೆ ನಾನೇ ಒಂದು ಲಿಂಕ್ ಕೊಟ್ಟಿರಲಿಲ್ಲ. ಮೇಲಿನ ಮೆನುವಿನಲ್ಲೂ ಇರಲಿಲ್ಲ, ಯಾಕೆಂದರೆ ಟೇಬಲ್ ಅಗಲ ಆಗಿ ಸರಿಯಾಗಿ ಕಾಣೋದಿಲ್ಲ ಅಂತ ಆ ಪುಟದಲ್ಲಿ ಮೆನು ತೆಗೆದಿದ್ದೆ. ಹೊರಗಿನ ಹದಿನೇಳು ಜನ ತಂದು ಸುರಿದ ನೀರು ಒಂದು ಗುಂಡಿಯಲ್ಲಿ ನಿಂತಿತ್ತು, ಅಲ್ಲಿಂದ ತೋಟಕ್ಕೆ ಕಾಲುವೆ ತೆಗೆಯೋದನ್ನೇ ಮರೆತಿದ್ದೆ. ಊರವರ ಕಾಲು ಹಿಡಿದು ಲಿಂಕ್ ಕೇಳಿದವನು ನನ್ನ ಕೈಯಲ್ಲೇ ಇದ್ದದ್ದನ್ನ ಒಂದೂವರೆ ವರ್ಷ ಹಾಕಿರಲಿಲ್ಲ. ಪುಟದ ಕೊನೆಗೆ ಎರಡು ಸಾಲು ಸೇರಿಸಿದೆ, "ಈ ಮಳೆ ಅಳೆದ ಮನೆಯಲ್ಲಿ ನೀವೂ ಉಳಿಯಬಹುದು" ಅಂತ, ರೂಮಿನ ಪುಟಕ್ಕೆ ಲಿಂಕ್ ಹಾಕಿ. ಮೆನುವನ್ನೂ ವಾಪಸ್ ತಂದೆ. ನೋಟ್‌ಬುಕ್ಕಿನಲ್ಲಿ ತಾರೀಖು ಬರೆದು ಕೈ ಕಟ್ಟಿ ಕೂತೆ. ಎರಡು ತಿಂಗಳಿಗೆ ರೂಮಿನ ಪುಟ ಐದನೇ ಪೇಜಿನ ಸುತ್ತಮುತ್ತದಿಂದ ಎರಡನೇ ಪೇಜಿಗೆ ಬಂತು. ಬಣಕಲ್, ಕೊಟ್ಟಿಗೆಹಾರದ ಹೆಸರು ಸೇರಿಸಿ ಹೋಂಸ್ಟೇ ಹುಡುಕಿದರೆ ಮೊದಲ ಪೇಜು. ಆ ಎರಡು ತಿಂಗಳು ಸೈಟಿನಲ್ಲಿ ಬೇರೆ ಏನೂ ಮುಟ್ಟಿರಲಿಲ್ಲ, ಅದಕ್ಕೆ ಇಷ್ಟು ಧೈರ್ಯವಾಗಿ ಹೇಳುತ್ತಿದ್ದೇನೆ.

"ಬೆಸ್ಟ್ ಹೋಂಸ್ಟೇ ಇನ್ ಚಿಕ್‌ಮಗಳೂರ್" ಅನ್ನೋದರಲ್ಲಿ ಮಾತ್ರ ಇವತ್ತಿಗೂ ಮೊದಲ ಪೇಜಿಗೆ ಬಂದಿಲ್ಲ, ಬರೋದೂ ಇಲ್ಲ. ಅಲ್ಲಿ ಮೇಲೆ ಮ್ಯಾಪು, ಕೆಳಗೆ ದೊಡ್ಡ ದೊಡ್ಡ ಬುಕಿಂಗ್ ಕಂಪನಿಗಳು. ಮೂರು ರೂಮಿನವನು ಅಲ್ಲಿ ಹೋಗಿ ಕುಸ್ತಿ ಹಿಡಿಯೋದು ವ್ಯರ್ಥ. ಮಳೆಗಾಲದಲ್ಲಿ ಘಾಟಿ ರಸ್ತೆ ಹೇಗಿರುತ್ತೆ, ಇಂಬಳಕ್ಕೆ ಏನು ಮಾಡೋದು, ಕಾಫಿ ಹೂ ಯಾವಾಗ ಬಿಡುತ್ತೆ, ಇಂಥವು ಹುಡುಕುವವರು ಕಡಿಮೆ, ಆದರೆ ಹುಡುಕಿದವರು ನಮ್ಮಲ್ಲಿಗೆ ಬರುತ್ತಾರೆ. ಹೂ ಯಾವಾಗ ಅನ್ನೋದಕ್ಕೆ ನನ್ನ ಹತ್ತಿರ ಅಜ್ಜನ ಕೈಬರಹ ಇದೆಯಲ್ಲ.

2022ರ ಡಿಸೆಂಬರ್‌ನಲ್ಲಿ ಗೂಗಲ್ ಇನ್ನೊಂದು ಲಿಂಕ್ ಸ್ಪ್ಯಾಮ್ ಅಪ್‌ಡೇಟ್ ತಂದಿತು. ದುಡ್ಡಿಗೆ ತಂದ ಲಿಂಕ್‌ಗಳನ್ನ ಅವರ ಸ್ಪ್ಯಾಮ್‌ಬ್ರೇನ್ ಅನ್ನೋ ಯಂತ್ರ ಗುರುತು ಹಿಡಿದು ಲೆಕ್ಕದಿಂದ ತೆಗೆಯುತ್ತೆ ಅಂತ ಹೇಳಿದರು. ಆ ಜನವರಿಯಲ್ಲಿ ಪರಿಚಯದವರೊಬ್ಬರು, ಅವರದ್ದೂ ಹೋಂಸ್ಟೇ, ಕಾಫಿ ಹಣ್ಣು ಕೊಯ್ಲಿನ ಗಡಿಬಿಡಿಯಲ್ಲೂ ನಮ್ಮ ಕಣದವರೆಗೆ ಹುಡುಕಿಕೊಂಡು ಬಂದರು. "ನನ್ನ ಸೈಟ್ ಎಲ್ಲೋ ಹೋಯ್ತಲ್ಲ ಮಾರಾಯ, ನಿಂದು ಹಾಗೇ ಇದೆ, ಯಾರಿಗೆ ಕೊಟ್ಟಿದ್ದೀಯ?" ಅಂತ ಕೇಳಿದರು. ಯಾರಿಗೂ ಕೊಟ್ಟಿಲ್ಲ ಅಂದರೆ ನಂಬಲಿಲ್ಲ. ಹೆಸರು ಹೇಳೋಕೆ ಇಷ್ಟ ಇಲ್ಲ ಅಂದುಕೊಂಡು ಬೇಜಾರು ಮಾಡಿಕೊಂಡು ಹೋದರು. ಮಳೆ ಪುಸ್ತಕ ತೋರಿಸಿದ್ದರೆ ಇನ್ನೂ ಬೇಜಾರಾಗುತ್ತಿತ್ತೇನೋ.

ಟೈಪ್ ಮಾಡೋ ಕೆಲಸ ಪೂರ್ತಿ ಮುಗಿದಿಲ್ಲ. 1983ರ ಪುಸ್ತಕದಲ್ಲಿ ಜೂನ್ ತಿಂಗಳ ಹತ್ತೊಂಬತ್ತು ದಿನ ಗೆದ್ದಲು ತಿಂದಿದೆ. ಹಿಂದೆ ಮುಂದೆ ನೋಡಿ ಅಂದಾಜಿಗೆ ತುಂಬಿಸಲಾ ಅಂತ ಅಪ್ಪನ್ನ ಕೇಳಿದ್ದೆ. ಅವರು ಕನ್ನಡಕ ತೆಗೆದು ಒಂದು ನಿಮಿಷ ನನ್ನ ಮುಖ ನೋಡಿದರು. "ಗೆದ್ದಲು ತಿಂದಿದೆ ಅಂತಲೇ ಬರಿ" ಅಂದರು. ಹಾಗೇ ಬರೆದೆ, ಹತ್ತೊಂಬತ್ತು ಸಾಲಿಗೂ.

ಸರ್ಚ್ ಕನ್ಸೋಲಿನಲ್ಲಿ ಬೇರೆಯವರು ಯಾವ ಪದದ ಮೇಲೆ ನಮಗೆ ಲಿಂಕ್ ಕೊಟ್ಟಿದ್ದಾರೆ ಅಂತ ಒಂದು ಪಟ್ಟಿ ಇರುತ್ತೆ. ಹೋದ ವಾರ ತೆಗೆದು ನೋಡಿದೆ. ಮೇಲೆ ಈಗಲೂ ಹನ್ನೆರಡು ಸಾವಿರದ "ಬೆಸ್ಟ್ ಹೋಂಸ್ಟೇ ಇನ್ ಚಿಕ್‌ಮಗಳೂರ್" ಕೂತಿದೆ. ಅದರ ಕೆಳಗೆ ನಮ್ಮ ಮನೆ ಹೆಸರು. ಅದರ ಕೆಳಗೆ, ಯಾರು ಕೊಟ್ಟರೋ, "ಗೆದ್ದಲು ತಿಂದ ಮಳೆ".